ಕಾರ್ಖಾನೆಯ ಒಳಗಿನ ವಕೀಲ
(ಪಟಾನ್‌ಚೆರುವಿನಲ್ಲಿ ಕನ್ನಡಿಗ ಕಾನೂನು ಪದವೀಧರರನ್ನು ಉದ್ದೇಶಿಸಿ ಮಾಡಿದ ಭಾಷಣ)



ನಾವಿಂದು ಸೇರಿರುವ ಪಟಾನ್‌ಚೆರುವಿಗೂ ಬೀದರಿಗೂ ನೀರಿನ ನಂಟಿದೆ. ಬೀದರ್ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನದಿಯನ್ನು ಈ ಸೀಮೆಯಲ್ಲಿ ನಕ್ಕವಾಗು ಕೂಡಿಕೊಳ್ಳುತ್ತದೆ. ನಕ್ಕವಾಗು ಎಂದರೆ ನಮ್ಮ ಮಾತಿನಲ್ಲಿ ನರಿಹಳ್ಳ. ಕಂಪನಿಗಳ ಕಾನೂನು ವಿಭಾಗವನ್ನು ಸೇರಬಯಸುವ ನಿಮ್ಮೊಡನೆ ಈ ಹಳ್ಳದಿಂದಲೇ ಮಾತು ಆರಂಭಿಸುತ್ತೇನೆ.

ಇಲ್ಲಿ ಬೆಳೆದ ಔಷಧ ಹಾಗೂ ರಾಸಾಯನಿಕ ಕಾರ್ಖಾನೆಗಳ ತ್ಯಾಜ್ಯವು ಈ ಹಳ್ಳವನ್ನೂ ಸುತ್ತಲಿನ ಕೆರೆಬಾವಿಗಳನ್ನೂ ಕೆಡಿಸಿತು. ಅದರ ವಿರುದ್ಧದ ಅರ್ಜಿ 1990ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿಗೆ ವರ್ಗವಾಯಿತು. ಮುಂದೆ ಚೆನ್ನೈನ ಹಸಿರು ನ್ಯಾಯಮಂಡಳಿಯನ್ನು ಸೇರಿ 2017ರಲ್ಲಿ ತೀರ್ಪು ಕಂಡಿತು. ಅರ್ಜಿ ಹಾಕಿದ ವರ್ಷ ಹುಟ್ಟಿದ ಕೂಸು ಅಷ್ಟರಲ್ಲಿ ಮದುವೆಯ ವಯಸ್ಸಿಗೆ ಬಂದಿತ್ತು.

ಹಿಂದಿನ ಲಾ ಆಫೀಸರನ ಕೆಲಸವೆಂದರೆ ಕಡತಗಳನ್ನು ಹೊರಗಿನ ವಕೀಲರಿಗೆ ಮುಟ್ಟಿಸುವುದು, ವಕಾಲತ್ತಿಗೆ ಸಹಿ ಹಾಕಿಸುವುದು, ಮುಂದಿನ ವಾಯಿದೆಯನ್ನು ಡೈರಿಯಲ್ಲಿ ಬರೆದುಕೊಳ್ಳುವುದು. ವಾಯಿದೆ ದೊರೆತರೆ ಅರ್ಧ ಗೆದ್ದಂತೆ ಎಂಬ ಭಾವನೆಯಿತ್ತು. ಆದರೆ ದೆಹಲಿಯ ಓಲಿಯಂ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1986ರಲ್ಲಿಯೇ ಅಪಾಯಕಾರಿ ಉದ್ಯಮದ ಹೊಣೆ ಸಂಪೂರ್ಣವಾದುದೆಂದು ಸಾರಿತು. ನಾವು ಎಚ್ಚರ ವಹಿಸಿದ್ದೆವು ಎಂಬ ಸಮಾಧಾನ ಅಲ್ಲಿ ಸಲ್ಲದು. ಅದೇ ವರ್ಷದ ಪರಿಸರ ಸಂರಕ್ಷಣಾ ಕಾಯ್ದೆಯು ಕಂಪನಿಯ ಜೊತೆಗೆ ಅದರ ಉಸ್ತುವಾರಿ ಹೊತ್ತವರನ್ನೂ ಹೊಣೆಗಾರರನ್ನಾಗಿಸಿತು. ಆದ್ದರಿಂದ ಹಾನಿಗೆ ಮೊದಲೇ ಕೊಡುವ ಸಲಹೆಗೇ ಇಂದು ಬೆಲೆ. ಕಾನೂನು ಅಧಿಕಾರಿಯ ಕುರ್ಚಿ ಕೋರ್ಟಿನ ಮೊಗಸಾಲೆಯಿಂದ ನಿರ್ದೇಶಕರ ಸಭೆಗೆ ಬಂದಿದೆ.

ಕುರ್ಚಿ ಮೇಲೇರಿದರೂ ರಕ್ಷಣೆ ಹೆಚ್ಚಲಿಲ್ಲವೆಂಬುದನ್ನು ಮರೆಯಬೇಡಿ. ವಕೀಲರ ಪರಿಷತ್ತಿನ 49ನೇ ನಿಯಮದಂತೆ ಪೂರ್ಣಾವಧಿ ಸಂಬಳದ ನೌಕರಿ ಹಿಡಿದವನು ವಕೀಲಿ ನಿಲ್ಲಿಸಬೇಕು. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು: ವಕೀಲ-ಕಕ್ಷಿದಾರರ ನಡುವಣ ಗೋಪ್ಯತೆಗೆ ಸಾಕ್ಷ್ಯ ಅಧಿನಿಯಮದ 132ನೇ ಕಲಮು ನೀಡುವ ರಕ್ಷೆ ಕಂಪನಿಯ ಸಂಬಳದ ವಕೀಲನಿಗಿಲ್ಲ. ಅವನು ಮಾಲೀಕನಿಗೆ ಬರೆದ ಟಿಪ್ಪಣಿ ಒಂದು ದಿನ ನ್ಯಾಯಾಲಯದಲ್ಲಿ ಓದಲ್ಪಡಬಹುದು.

ಇದನ್ನು ಕೇಳಿ ಅನೇಕರು ಏನನ್ನೂ ಬರೆಯದಿರುವುದೇ ಜಾಣತನವೆಂದುಕೊಳ್ಳುವರು. ನಾನು ಒಪ್ಪುವುದಿಲ್ಲ. ಸರ್ಕಾರಿ ಕಡತಗಳ ನಡುವೆ ಕೂದಲು ನರೆಸಿಕೊಂಡವನಾಗಿ ಹೇಳುತ್ತೇನೆ: ಬಾಯಿಮಾತಿನ ಎಚ್ಚರಿಕೆಯನ್ನು ಆಪತ್ತು ಬಂದಾಗ ಯಾರೂ ಕೇಳಿರುವುದಿಲ್ಲ. ಹತ್ತು ವರ್ಷದ ಮೇಲೆ ನ್ಯಾಯಾಧೀಶರು ಓದಿದರೂ ತಲೆ ತಗ್ಗಿಸಬೇಕಾಗದ ಟಿಪ್ಪಣಿಯನ್ನು ಬರೆಯಿರಿ.

ಇನ್ನು ಕೆಲವು ಹಿತವಚನ. ಪದವಿ ಮುಗಿದೊಡನೆ ಸಂಬಳಕ್ಕೆ ಧಾವಿಸದೆ ಮೂರು ವರ್ಷವಾದರೂ ಕೋರ್ಟಿನಲ್ಲಿ ನಿಲ್ಲಿರಿ. ಸಿವಿಲ್ ನ್ಯಾಯಾಧೀಶ ಹುದ್ದೆಗೆ ಅಷ್ಟು ವರ್ಷದ ವಕೀಲಿ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಆ ಬಾಗಿಲನ್ನು ನೀವಾಗಿಯೇ ಮುಚ್ಚಿಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೊಮ್ಮೆ ಕಚೇರಿ ಬಿಟ್ಟು ಯಂತ್ರಗಳ ಬಳಿ ಹೋಗಿರಿ. ಕೊಳವೆ ಎಲ್ಲಿಂದ ಹೊರಟು ಎಲ್ಲಿ ಮುಗಿಯುತ್ತದೆಂಬುದನ್ನು ಕಣ್ಣಾರೆ ಕಾಣಿರಿ. ನೀರು ಪರೀಕ್ಷೆಯ ವರದಿ ಓದಲು ಕಲಿಯಿರಿ. ಕಾರ್ಮಿಕನೊಡನೆ ಅವನ ಭಾಷೆಯಲ್ಲಿ ಮಾತಾಡಿರಿ; ಹೊರನಾಡ ಕನ್ನಡಿಗರಾದ ನಮಗೆ ತೆಲುಗೂ ದಖನಿಯೂ ಹೊರೆಯಲ್ಲ. ವರ್ಷದ ಖರ್ಚಿಗೆ ಸಾಲುವಷ್ಟು ಹಣವನ್ನು ಬೇರೆಯಾಗಿ ಉಳಿಸಿರಿ. ರಾಜೀನಾಮೆ ಕೊಡಲಾರದವನು ಇಲ್ಲವೆನ್ನಲೂ ಆರನು.

2025ರ ಜೂನ್ 30ರಂದು ಇಲ್ಲಿಗೆ ಸಮೀಪದ ಪಾಶಮೈಲಾರಂನ ಔಷಧ ಕಾರ್ಖಾನೆಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅನೇಕರು ದೂರದ ಊರುಗಳಿಂದ ಹೊಟ್ಟೆಪಾಡಿಗೆ ಬಂದವರು, ನಮ್ಮಂತೆಯೇ ಹೊರನಾಡಿನವರು. ಆ ದುರಂತದ ಕಾರಣಗಳನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನಾಳೆ ನಿಮ್ಮ ಮೇಜಿಗೆ ಸುರಕ್ಷತೆಯ ಕಾಗದವೊಂದು ಬಂದಾಗ, ಸಹಿಗೆ ಮುನ್ನ ಅವರನ್ನು ನೆನೆಯಿರಿ ಎಂದಷ್ಟೇ ಬೇಡುತ್ತೇನೆ.