ಸರಾಸರಿಯೊಂದೇ ಸಾಲದು



ಎರಡು ಗುಂಪುಗಳನ್ನು ಹೋಲಿಸಬೇಕಾದಾಗ ನಾವು ಮೊದಲು ಕೇಳುವುದು ಸರಾಸರಿಯನ್ನು. ಅದು ಸಮವಾಗಿದ್ದರೆ ಗುಂಪುಗಳೂ ಸಮವೆಂದು ತೃಪ್ತರಾಗುತ್ತೇವೆ. ಈ ತೃಪ್ತಿಯು ಕೆಲವೆಡೆ ಅಪಾಯಕರವೆಂದು ಅರಿಕೆ ಮಾಡುವುದೇ ಈ ಹೊತ್ತಿನ ನನ್ನ ಉದ್ದೇಶ.

ಔಷಧದ ಗುಳಿಗೆಗಳನ್ನು ಮಾಡುವ ಎರಡು ಯಂತ್ರಗಳಿವೆಯೆಂದು ಭಾವಿಸೋಣ. ಒಂದೊಂದರಿಂದಲೂ ಐದೈದು ಗುಳಿಗೆಗಳನ್ನು ತೆಗೆದು ಪರೀಕ್ಷಿಸಲಾಗಿ, ಮೊದಲನೆಯ ಯಂತ್ರದವುಗಳಲ್ಲಿ 44, 47, 50, 53, 56 ಮಿಲಿಗ್ರಾಂ ಔಷಧವೂ, ಎರಡನೆಯದರವುಗಳಲ್ಲಿ 40, 45, 50, 55, 60 ಮಿಲಿಗ್ರಾಂ ಔಷಧವೂ ಕಂಡವು. ಎರಡರ ಸರಾಸರಿಯೂ 50. ಆದರೆ ರೋಗಿಯು ನುಂಗುವುದು ಸರಾಸರಿಯನ್ನಲ್ಲ, ಒಂದು ಗುಳಿಗೆಯನ್ನು. ಪ್ರಮಾಣ ಕಡಮೆಯಾದರೆ ರೋಗ ಬಗ್ಗದು; ಹೆಚ್ಚಾದರೆ ಮದ್ದೇ ವಿಷವಾದೀತು. ಹಾಗಾದರೆ ಎರಡನೆಯ ಯಂತ್ರವನ್ನು ನಿಲ್ಲಿಸಿಬಿಡಬೇಕೆ? ಅಥವಾ ಈ ಏರುಪೇರು ಕೇವಲ ಆಕಸ್ಮಿಕವೆ?

ಸಂಖ್ಯಾಶಾಸ್ತ್ರಜ್ಞರ ಮಾರ್ಗ ಹೀಗಿದೆ. ಪ್ರತಿಯೊಂದು ಅಳತೆಯೂ ಸರಾಸರಿಯಿಂದ ಎಷ್ಟು ದೂರವೆಂದು ನೋಡಿ, ಆ ಅಂತರಗಳ ವರ್ಗಗಳನ್ನು ಕೂಡಿ, ಅಳತೆಗಳ ಸಂಖ್ಯೆಗಿಂತ ಒಂದು ಕಡಮೆಯಾದ ಅಂಕದಿಂದ ಭಾಗಿಸುವುದು. ಈ ಲಬ್ಧವನ್ನು ವ್ಯತ್ಯಯವೆನ್ನೋಣ. ಮೊದಲನೆಯ ಯಂತ್ರದ ವ್ಯತ್ಯಯ 22.5, ಎರಡನೆಯದರದು 62.5. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಸುಮಾರು 2.8. ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಈ ವಿಚಾರಕ್ಕೆ ತಳಹದಿ ಹಾಕಿದವರು. ಅವರ ಗೌರವಾರ್ಥವಾಗಿ ಅಮೆರಿಕದ ಸ್ನೆಡೆಕರ್ ಈ ಭಾಗಲಬ್ಧಕ್ಕೆ ‘ಎಫ್’ ಎಂಬ ಅಕ್ಷರವನ್ನಿತ್ತರು.

ಯಂತ್ರಗಳೆರಡೂ ಸಮವಾಗಿದ್ದರೂ, ಐದೈದು ಗುಳಿಗೆಗಳ ಪರೀಕ್ಷೆಯಲ್ಲಿ ಈ ಲಬ್ಧವು ನೂರಕ್ಕೆ ಐದು ಸಲ 9.6ನ್ನು ಮೀರಬಹುದು. ನಮ್ಮದು 2.8 ಮಾತ್ರ. ಆದುದರಿಂದ ಎರಡನೆಯ ಯಂತ್ರವನ್ನು ದೂಷಿಸಲು ಆಧಾರ ಸಾಲದು. ಆದರೆ ಅದು ನಿರ್ದೋಷಿಯೆಂದು ಸಿದ್ಧವಾಯಿತೆಂದೂ ಅಲ್ಲ! ಒಂದೊಂದರಿಂದಲೂ 31 ಗುಳಿಗೆಗಳನ್ನು ಪರೀಕ್ಷಿಸಿದ್ದರೆ ಆ ಎಲ್ಲೆಯು ಸುಮಾರು 2.1ಕ್ಕೆ ಇಳಿಯುತ್ತಿತ್ತು, ಅದೇ 2.8 ಆಗ ಬಲವಾದ ಸಾಕ್ಷಿಯಾಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಅಳತೆಗಳು ಗಂಟೆಯಾಕಾರದ ರೇಖೆಯಂತೆ ಹರಡಿರುವುವೆಂದು ಈ ಪರೀಕ್ಷೆಯು ನಂಬುತ್ತದೆ. ಆ ನಂಬಿಕೆ ತಪ್ಪಿದರೆ ತೀರ್ಪೂ ತಪ್ಪಬಹುದೆಂದು ಜಾರ್ಜ್ ಬಾಕ್ಸ್ 1953ರಲ್ಲಿ ತೋರಿಸಿಕೊಟ್ಟರು. 1960ರಲ್ಲಿ ಹೊವರ್ಡ್ ಲೆವೀನ್ ಬೇರೊಂದು ಉಪಾಯವನ್ನು ಸೂಚಿಸಿದರು: ಅಂತರಗಳನ್ನು ವರ್ಗಮಾಡದೆ, ಹೆಚ್ಚು ಕಡಮೆಯೆಂಬ ಚಿಹ್ನೆಯನ್ನು ಬಿಟ್ಟು, ಆ ಅಂತರಗಳ ಸರಾಸರಿಗಳನ್ನೇ ಹೋಲಿಸುವುದು. 1974ರಲ್ಲಿ ಬ್ರೌನ್ ಮತ್ತು ಫಾರ್ಸೈತ್ ಅಂತರಗಳನ್ನು ಸರಾಸರಿಗೆ ಬದಲಾಗಿ ನಟ್ಟನಡುವಿನ ಅಳತೆಯಿಂದ ಎಣಿಸಿ ಪರೀಕ್ಷೆಯನ್ನು ಇನ್ನಷ್ಟು ಭದ್ರಪಡಿಸಿದರು.

ಆದಕಾರಣ, “ವ್ಯತ್ಯಾಸ ಕಾಣಲಿಲ್ಲ” ಎಂದು ಯಾರಾದರೂ ಹೇಳಿದರೆ, “ಎಷ್ಟನ್ನು ನೋಡಿದಿರಿ?” ಎಂದು ಕೇಳುವುದನ್ನು ಮರೆಯಬಾರದು. ಕೊರತೆಯ ಗುಳಿಗೆಯು ಯಾರ ಕೈಗೆ ಬೀಳುವುದೋ ಅವನಿಗೆ ಸರಾಸರಿಯು ಯಾವ ಸಮಾಧಾನವನ್ನೂ ಕೊಡದು.