ಸಂಕಟದ ಹೊತ್ತಿನಲ್ಲಿ ‘ನಾವು’ ಎಂದರೆ ಯಾರು?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ನೆರೆ ಬರಲಿ, ರೋಗ ಹರಡಲಿ, ಊರಿನಲ್ಲಿ ಗಲಭೆಯಾಯಿತೆಂಬ ಸುದ್ದಿ ಬರಲಿ, ಆಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ‘ನಾವು’. ನಾವು ಏನು ಮಾಡೋಣ? ನಮ್ಮವರಿಗೆ ಏನಾಯಿತು? ಇದು ಒಳ್ಳೆಯ ಮಾತೇ. ‘ನಾವು’ ಎಂಬ ಭಾವನೆ ಇಲ್ಲದಿದ್ದರೆ ಯಾರೂ ಯಾರ ನೆರವಿಗೂ ಓಡಿ ಹೋಗುವುದಿಲ್ಲ. ಆದರೆ ಯುವಕರನ್ನು ನೆರೆಯ ನೀರಿಗೆ ದೋಣಿ ಇಳಿಸುವಂತೆ ಮಾಡುವುದೂ ಇದೇ ಮಾತು, ಕೈಗೆ ಕಲ್ಲು ಎತ್ತಿಕೊಳ್ಳುವಂತೆ ಮಾಡುವುದೂ ಇದೇ ಮಾತು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಇಂದು ಯೋಚಿಸೋಣ.

ಅಪಾಯ ಬಂದಾಗ ಜನಜಂಗುಳಿ ಬುದ್ಧಿ ಕಳೆದುಕೊಳ್ಳುತ್ತದೆ, ಒಬ್ಬರನ್ನೊಬ್ಬರು ತುಳಿದು ಓಡುತ್ತಾರೆ ಎಂದು ನಾವೆಲ್ಲ ನಂಬಿದ್ದೇವೆ. 2005ರ ಜುಲೈ 7ರಂದು ಲಂಡನ್ ನಗರದಲ್ಲಿ ಮೂರು ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬ್ ಸಿಡಿಸಲಾಯಿತು. 52 ಅಮಾಯಕರು ಪ್ರಾಣ ಕಳೆದುಕೊಂಡರು. ಅವರಲ್ಲಿ ಮುಸ್ಲಿಮರೂ ಇದ್ದರು. ಬದುಕುಳಿದವರ ಅನುಭವಗಳನ್ನು ಜಾನ್ ಡ್ರೂರಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಸಂಗ್ರಹಿಸಿದರು. ಹೊಗೆ ತುಂಬಿದ ಕತ್ತಲ ಸುರಂಗದಲ್ಲಿ, ಹೊರಗಿನ ನೆರವು ಬರುವ ಮೊದಲೇ, ಅಪರಿಚಿತರು ಪರಸ್ಪರ ಗಾಯಕ್ಕೆ ಬಟ್ಟೆ ಕಟ್ಟಿದ್ದರು, ಧೈರ್ಯ ಹೇಳಿದ್ದರು. ಸ್ವಾರ್ಥದಿಂದ ನಡೆದುಕೊಂಡವರು ವಿರಳ. ಒಂದೇ ಅಪಾಯದಲ್ಲಿ ಸಿಲುಕಿದ್ದೇವೆ ಎಂಬ ಅರಿವೇ ಅವರನ್ನು ಸ್ವಲ್ಪ ಹೊತ್ತಿನಲ್ಲಿ ‘ನಾವು’ ಆಗಿಸಿತ್ತು.

ಆದರೆ ಈ ‘ನಾವು’ ಎಷ್ಟು ಅಗಲ? ಅದೇ ವರ್ಷ ಇಂಗ್ಲೆಂಡಿನ ಮಾರ್ಕ್ ಲೆವಿನ್ ಮತ್ತು ಸಂಗಡಿಗರ ಒಂದು ಪ್ರಯೋಗ ಪ್ರಕಟವಾಯಿತು. ಮ್ಯಾಂಚೆಸ್ಟರ್ ಯುನೈಟೆಡ್ ಫುಟ್ಬಾಲ್ ತಂಡದ ಅಭಿಮಾನಿಗಳನ್ನು ಕರೆದು, ಮೊದಲು ಅವರ ತಂಡದ ಬಗ್ಗೆ ಪ್ರಶ್ನೆ ಕೇಳಿದರು. ಅನಂತರ ಅವರು ನಡೆದು ಹೋಗುತ್ತಿದ್ದ ದಾರಿಯಲ್ಲಿ ಒಬ್ಬ ಯುವಕ ಜಾರಿಬಿದ್ದು ನೋವಿನಿಂದ ನರಳುವಂತೆ ನಟಿಸಿದ. ಅವನು ಅವರದೇ ತಂಡದ ಅಂಗಿ ತೊಟ್ಟಿದ್ದಾಗ ಬಹುತೇಕ ಎಲ್ಲರೂ ನೆರವಾದರು. ಎದುರಾಳಿ ಲಿವರ್‌ಪೂಲ್ ತಂಡದ ಅಂಗಿ ತೊಟ್ಟಿದ್ದಾಗ ಹೆಚ್ಚಿನವರು ನಿಲ್ಲದೆ ಮುಂದೆ ಹೋದರು. ಇನ್ನೊಂದು ಸಲ, ಇಂಥ ಅಭಿಮಾನಿಗಳಿಗೆ ತಂಡದ ಬದಲು ಫುಟ್ಬಾಲ್ ಪ್ರೇಮಿಗಳೆಲ್ಲರ ಬಗ್ಗೆ ಯೋಚಿಸುವಂತೆ ಹೇಳಲಾಯಿತು. ಆಗ ಅವರು ಲಿವರ್‌ಪೂಲ್ ಅಂಗಿಯವನಿಗೂ ನೆರವಾದರು. ಎರಡೂ ಸಲ ನೆಲಕ್ಕೆ ಬಿದ್ದವನ ನೋವು ಒಂದೇ. ಬದಲಾದದ್ದು, ಸ್ವಲ್ಪ ಮೊದಲು ಕಿವಿಗೆ ಬಿದ್ದ ಮಾತು ಮಾತ್ರ.

ಸಹೋದರರೇ, ಇದು ನಮಗೆ ಹೊಸ ಪಾಠವಲ್ಲ. ಬನೂ ಮುಸ್ತಲಿಕ್ ಅಭಿಯಾನದ ಸಂದರ್ಭದಲ್ಲಿ ಒಬ್ಬ ಮುಹಾಜಿರ್ ಮತ್ತು ಒಬ್ಬ ಅನ್ಸಾರಿಯ ಮಧ್ಯೆ ಜಗಳವಾಯಿತು. ಮುಹಾಜಿರ್ ಕೈಮಾಡಿದರು. ತಕ್ಷಣ ಒಬ್ಬರು ಅನ್ಸಾರರನ್ನು, ಇನ್ನೊಬ್ಬರು ಮುಹಾಜಿರರನ್ನು ನೆರವಿಗೆ ಕೂಗಿದರು. ಮುಹಾಜಿರ್, ಅನ್ಸಾರ್ ಎಂಬವು ಕುರ್‌ಆನ್ ಗೌರವಿಸಿದ ಹೆಸರುಗಳು. ಮಕ್ಕಾದಿಂದ ಬರಿಗೈಯಲ್ಲಿ ಬಂದವರಿಗೆ ಮದೀನಾದವರು ಮನೆ, ತೋಟ ಹಂಚಿಕೊಟ್ಟಾಗ ಈ ಹೆಸರುಗಳಿಗೆ ಆ ಗೌರವ ಬಂತು. ಆದರೆ ಅದೇ ಹೆಸರನ್ನು ನ್ಯಾಯ ಯಾವುದು ಎಂದು ನೋಡದೆ ಪಕ್ಷ ಕಟ್ಟಲು ಬಳಸಿದಾಗ ಪ್ರವಾದಿ(ಸ)ರು ಅದನ್ನು ಜಾಹಿಲಿಯ್ಯಾದ ಕೂಗು ಎಂದರು. ಅದನ್ನು ಬಿಟ್ಟುಬಿಡಿ, ಅದು ದುರ್ನಾತ ಬೀರುವಂಥದ್ದು ಎಂದರು. ಅಂದರೆ ಹೆಸರಿನಲ್ಲಿ ದೋಷವಿರಲಿಲ್ಲ. ಕೂಗಿದ ಉದ್ದೇಶದಲ್ಲಿ ದೋಷವಿತ್ತು.

ಅಂದು ಕಿಡಿಗೆ ಗಾಳಿ ಹಾಕುವವರೂ ಇದ್ದರು. ಕಪಟವಿಶ್ವಾಸಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್, ಮದೀನಾಕ್ಕೆ ಮರಳಿದ ಮೇಲೆ ಈ ಹೊರಗಿನವರನ್ನು ಓಡಿಸುತ್ತೇವೆ ಎಂಬರ್ಥದ ಮಾತಾಡಿದ. ಅವನನ್ನು ಕೊಲ್ಲಲು ಉಮರ್(ರ) ಅನುಮತಿ ಕೇಳಿದಾಗ ಪ್ರವಾದಿ(ಸ)ರು ಒಪ್ಪಲಿಲ್ಲ. ಮತ್ತೆ ಏನು ಮಾಡಿದರು? ಸಾಮಾನ್ಯವಾಗಿ ಪ್ರಯಾಣ ಮಾಡದ ಹೊತ್ತಿನಲ್ಲಿ ಇಡೀ ಪಡೆಯನ್ನು ಹೊರಡಿಸಿದರು. ಹಗಲು ರಾತ್ರಿ ನಡೆಸಿ, ಮರುದಿನ ಬಿಸಿಲೇರಿದ ಮೇಲೆ ನಿಲ್ಲಿಸಿದರು. ಜನರು ನೆಲಕ್ಕೆ ಒರಗಿದ್ದೇ ತಡ ನಿದ್ದೆ ಹೋದರು ಎಂದು ಸೀರಾ ಗ್ರಂಥಗಳು ಹೇಳುತ್ತವೆ. ಜನರು ಗುಂಪು ಗುಂಪಾಗಿ ಕುಳಿತು ಅದೇ ಮಾತನ್ನು ಕೆದಕಲು ಅವಕಾಶವೇ ಸಿಗಲಿಲ್ಲ. ಕುದಿಯುವ ಗುಂಪಿಗೆ ಭಾಷಣಕ್ಕಿಂತ ಹೆಚ್ಚಾಗಿ ಒಂದು ಕೆಲಸ ಬೇಕು ಎಂಬುದು ಇದರಲ್ಲಿರುವ ತಿಳುವಳಿಕೆ.

ಗಾಳಿಮಾತಿನಿಂದ ಏನಾಗಬಹುದು ಎಂಬುದನ್ನು ನಮ್ಮ ರಾಜ್ಯವೇ ನೋಡಿದೆ. 2012ರ ಆಗಸ್ಟ್ ತಿಂಗಳು, ರಮಝಾನ್ ಕೊನೆಯ ದಿನಗಳು. ಈದ್ ಮುಗಿದೊಡನೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ಮುಸ್ಲಿಮರು ದಾಳಿ ಮಾಡುತ್ತಾರೆ ಎಂಬ ವದಂತಿ ಮೊಬೈಲುಗಳಲ್ಲಿ ಹರಡಿತು. ಸಾವಿರಾರು ಜನ ಕೆಲಸ, ಕಾಲೇಜು ಬಿಟ್ಟು ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರಕಾರ 15 ದಿನಗಳ ಕಾಲ ಒಟ್ಟಾಗಿ ಸಂದೇಶ ಕಳುಹಿಸುವುದನ್ನೇ ನಿಷೇಧಿಸಿತು. ಒಂದು ಸುಳ್ಳಿನಿಂದ ಅವರು ನಮಗೆ ಹೆದರಿದರು, ನಮ್ಮ ಮೇಲೆ ಸಂಶಯ ಬಿತ್ತು. ನಮ್ಮ ಬಗ್ಗೆ ಸುಳ್ಳು ಹರಡಿದಾಗ ಎಷ್ಟು ನೋವಾಗುತ್ತದೆ ಎಂದು ನಮಗೆ ಗೊತ್ತಿದೆ. ಹಾಗಾದರೆ ಇನ್ನೊಬ್ಬರ ಬಗ್ಗೆ ಬಂದ ಧ್ವನಿಸಂದೇಶವನ್ನು ನಾವು ವಿಚಾರಿಸದೆ ಹೇಗೆ ಮುಂದಕ್ಕೆ ಕಳುಹಿಸುತ್ತೇವೆ? ತಂದ ಸುದ್ದಿಯನ್ನು ಪರಿಶೀಲಿಸಿ, ಇಲ್ಲದಿದ್ದರೆ ಅರಿಯದೆ ಒಂದು ಜನವಿಭಾಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡುವಿರಿ ಎಂಬ ಎಚ್ಚರಿಕೆಯನ್ನು ಕುರ್‌ಆನ್ ನೀಡಿದ್ದು ನಮಗೇ ಅಲ್ಲವೇ?

‘ನಾವು’ ಎಂಬುದನ್ನು ಅಗಲ ಮಾಡಿದವರನ್ನೂ ನೋಡೋಣ. 2018ರಲ್ಲಿ ಕೇರಳ ಮುಳುಗಿದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೆ ಹೇರಿಕೊಂಡು ಒಳನಾಡಿಗೆ ಬಂದರು. ಮೊದಲು ಯಾರ ಮನೆ ಎಂದು ಕೇಳಿ ದೋಣಿ ಹತ್ತಿಸಲಿಲ್ಲ. ತ್ರಿಶೂರ್ ಜಿಲ್ಲೆಯ ಮಾಳ ಸಮೀಪ ಮಸೀದಿಗೆ ನೀರು ನುಗ್ಗಿದ್ದರಿಂದ, ಹತ್ತಿರದ ದೇವಸ್ಥಾನದವರು ಬಕ್ರೀದ್ ನಮಾಝ್‌ಗೆ ತಮ್ಮ ಸಭಾಂಗಣವನ್ನು ತೆರೆದುಕೊಟ್ಟರು. ಮರುವರ್ಷ ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದು ಅನೇಕರು ಮಣ್ಣಿನಡಿ ಸಿಲುಕಿದರು. ಮರಣೋತ್ತರ ಪರೀಕ್ಷೆಗೆ ಹತ್ತಿರದಲ್ಲಿ ಸ್ಥಳವಿರಲಿಲ್ಲ. ಪೋತುಕಲ್ಲಿನ ಮಸೀದಿಯವರು ನಮಾಝ್ ಮಾಡುವ ಜಾಗವನ್ನೇ ಬಿಟ್ಟುಕೊಟ್ಟರು. ದೇವಸ್ಥಾನದವರು ದೇವಸ್ಥಾನದವರಾಗಿಯೇ, ಮಸೀದಿಯವರು ಮಸೀದಿಯವರಾಗಿಯೇ ಉಳಿದರು. ಯಾರೂ ತಮ್ಮ ಗುರುತನ್ನು ಅಳಿಸಿಕೊಳ್ಳಲಿಲ್ಲ.

ಇನ್ನೊಂದು ರೋಗವಿದೆ. ಎಲ್ಲರೂ ಇದ್ದಾರೆ, ಯಾರಾದರೂ ಮಾಡುತ್ತಾರೆ ಎಂಬ ರೋಗ. 1968ರಲ್ಲಿ ಡಾರ್ಲಿ ಮತ್ತು ಲಾಟಾನೆ ಎಂಬ ವಿದ್ವಾಂಸರು ನ್ಯೂಯಾರ್ಕಿನ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಪಕ್ಕದ ಕೋಣೆಯಿಂದ ಒಬ್ಬನಿಗೆ ಫಿಟ್ಸ್ ಬಂದಂತೆ ಧ್ವನಿ ಕೇಳಿಸಲಾಯಿತು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದು ಭಾವಿಸಿದವರಲ್ಲಿ ಶೇ. 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ನೆರವಿಗೆ ಎದ್ದರು. ಬೇರೆ ನಾಲ್ವರೂ ಕೇಳುತ್ತಿದ್ದಾರೆ ಎಂದು ಭಾವಿಸಿದವರಲ್ಲಿ ಎದ್ದವರು ಶೇ. 31 ಮಾತ್ರ. ನಮ್ಮ ಫಿಖ್‌ಹ್‌ನಲ್ಲಿ ಫರ್ಝ್ ಕಿಫಾಯ ಎಂಬ ಮಾತಿದೆ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ. ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ನಾವು ಇದರ ಮೊದಲರ್ಧವನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಉಳಿದರ್ಧವನ್ನು ಮರೆತಿದ್ದೇವೆ. ಆ ‘ಕೆಲವರು’ ಯಾರೆಂದು ಮೊದಲೇ ಗೊತ್ತಿಲ್ಲದಿದ್ದರೆ ಸಂಕಟದ ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತೇವೆ.

ಆದ್ದರಿಂದ ನಮ್ಮ ಜಮಾಅತ್‌ಗಳಲ್ಲಿ ಇಂದೇ ಮಾಡಬಹುದಾದ ಕೆಲಸಗಳಿವೆ. ಮೊಹಲ್ಲಾದಲ್ಲಿ ವಾಹನ ಇರುವವರು, ಈಜು ಬಲ್ಲವರು, ನರ್ಸುಗಳು, ರಕ್ತ ಕೊಡುವವರು ಯಾರು ಎಂದು ಹೆಸರು ಬರೆದಿಡೋಣ. ಒಂಟಿಯಾಗಿರುವ ವೃದ್ಧರ ಪಟ್ಟಿ ಮಾಡೋಣ, ಅದರಲ್ಲಿ ನೆರೆಮನೆಯ ಮುಸ್ಲಿಮೇತರ ಅಜ್ಜ ಅಜ್ಜಿಯ ಹೆಸರೂ ಇರಲಿ. ಕೆಟ್ಟ ಸುದ್ದಿ ಬಂದರೆ ಕಣ್ಣಾರೆ ಕಂಡವರು ಯಾರು ಎಂದು ಕೇಳದೆ ಮುಂದೆ ಕಳುಹಿಸಬಾರದು ಎಂದು ತಾಯಂದಿರು ಮಕ್ಕಳಿಗೆ ಕಲಿಸಲಿ. ಹೊರಗೆ ಸಿಟ್ಟಿನಿಂದ ಗುಂಪುಗೂಡುವ ಹುಡುಗರಿಗೆ ಹಿರಿಯರು ಬರೀ ಬುದ್ಧಿಮಾತು ಹೇಳದೆ ಕೈಗೆ ಕೆಲಸ ಕೊಡಲಿ.

ಕಷ್ಟದ ಮಾತು ಒಂದು ಉಳಿದಿದೆ. ನಮ್ಮವನೇ ತಪ್ಪು ಮಾಡಿದ್ದರೆ? ಸಹೋದರನು ಅಕ್ರಮಿಯಾಗಿದ್ದರೂ, ಅಕ್ರಮಕ್ಕೊಳಗಾದವನಾಗಿದ್ದರೂ ಅವನಿಗೆ ನೆರವಾಗಬೇಕೆಂದು ಪ್ರವಾದಿ(ಸ)ರು ಹೇಳಿದಾಗ, ಅಕ್ರಮಿಗೆ ನೆರವಾಗುವುದು ಹೇಗೆಂದು ಸಹಾಬಿಗಳು ಕೇಳಿದರು. ಅಕ್ರಮದಿಂದ ಅವನನ್ನು ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಅವರು ವಿವರಿಸಿದರು. ನಿರಪರಾಧಿಯ ಪರವಾಗಿ ಠಾಣೆಗೂ ಕೋರ್ಟಿಗೂ ಹೋಗುವುದು ನಮ್ಮ ಕರ್ತವ್ಯ. ತಪ್ಪಿತಸ್ಥನನ್ನು ಬಚ್ಚಿಡುವುದು ಕರ್ತವ್ಯವಲ್ಲ. ಕಲ್ಲು ಎತ್ತಿದ ಮಗನ ಕೈಯನ್ನು ಮೊದಲು ಹಿಡಿಯಬೇಕಾದವರು ಅವನ ಅಪ್ಪ, ಅಣ್ಣ, ಅವನ ಜಮಾಅತ್. ಪೊಲೀಸರು ಬರುವವರೆಗೆ ಕಾಯಬಾರದು. ಹಾಗೆ ಹಿಡಿದಾಗ ಉಳಿಯುವುದು ಎದುರಿನವನ ತಲೆ ಮಾತ್ರವಲ್ಲ, ನಮ್ಮ ಮಗನ ಬದುಕೂ ಉಳಿಯುತ್ತದೆ.

ಅಲ್ಲಾಹನು ನಮ್ಮ ಊರನ್ನು ಸಂಕಟಗಳಿಂದ ಕಾಪಾಡಲಿ. ಸಂಕಟ ಬಂದರೆ ನೆರವಾಗುವವರ ಸಾಲಿನಲ್ಲಿ ನಮ್ಮನ್ನು ಸೇರಿಸಲಿ. ನಮ್ಮ ಮಕ್ಕಳ ಕೈಯನ್ನೂ ನಾಲಿಗೆಯನ್ನೂ ಅನ್ಯಾಯದಿಂದ ತಡೆಯಲಿ. ಆಮೀನ್.