ರೈತರ ಮನೆಯಲ್ಲಿ ಕಬ್ಬಿಣ ಕೊಯ್ಯುವ ಗ್ರೈಂಡರ್: ಬಳಕೆಯಲ್ಲಿ ಎಚ್ಚರ



ಗ್ರೈಂಡರ್ ಎಂದೊಡನೆ ಮನೆಯವರಿಗೆ ದೋಸೆ ಹಿಟ್ಟು ರುಬ್ಬುವ ಯಂತ್ರ ನೆನಪಾಗುತ್ತದೆ. ಇಲ್ಲಿನ ಮಾತು ಅದಲ್ಲ. ಕೈಯಲ್ಲಿ ಹಿಡಿದು ಕಬ್ಬಿಣ ಕೊಯ್ಯುವ, ಬೆಸುಗೆ ತಿಕ್ಕುವ ಆಂಗಲ್ ಗ್ರೈಂಡರಿನ ವಿಷಯ. ಹಳ್ಳಿಗಳಲ್ಲಿ ಇದನ್ನು ಕಟಿಂಗ್ ಮಷಿನ್ ಎನ್ನುವುದೇ ಹೆಚ್ಚು.

ಹಿಂದೆ ಇದು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾತ್ರ ಕಾಣಸಿಗುತ್ತಿತ್ತು. ಈಗ ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಎಷ್ಟೋ ರೈತರ ಪಂಪುಮನೆಯಲ್ಲಿ ಇದಕ್ಕೊಂದು ಮೂಲೆ ಮೀಸಲಾಗಿದೆ. ಕಾರಣ ಸ್ಪಷ್ಟವಾಗಿಯೇ ಇದೆ. ಬಂಡೀಪುರದ ಕಾಡಂಚಿನ ಜಮೀನುಗಳಲ್ಲಿ ಹಂದಿ, ಜಿಂಕೆ, ಆನೆಗಳ ಕಾಟದಿಂದ ಬೇಲಿಯಿಲ್ಲದೆ ಬೆಳೆ ಕೈಗೆ ಬರುವುದು ಕಷ್ಟ. ಬೇಲಿಗೆ ಆಂಗಲ್ ಕಬ್ಬಿಣ, ಜಿ.ಐ. ಕೊಳವೆ, ಗೇಟು ಬೇಕು. ಅರಿಶಿನ ಬೇಯಿಸಲು ಹಳೆಯ ಡ್ರಮ್ಮು ಕೊಯ್ಯಬೇಕೆನ್ನುವವರಿದ್ದಾರೆ. ಕಲ್ಟಿವೇಟರಿನ ರಿಪೇರಿಯಂತೂ ವರ್ಷವಿಡೀ ಇದ್ದದ್ದೆ. ಪ್ರತಿಯೊಂದಕ್ಕೂ ಪೇಟೆಗೆ ಅಲೆಯುವ ಬದಲು ಯಂತ್ರ ಮನೆಯಲ್ಲೇ ಇದ್ದರೆ ಲೇಸೆಂಬ ಲೆಕ್ಕ ತಪ್ಪಲ್ಲ. ಆದರೆ ಅಂಗಡಿಯ ಹುಡುಗ ವರ್ಷಗಟ್ಟಲೆ ಒಬ್ಬ ಮೇಸ್ತ್ರಿಯ ಕೈಕೆಳಗಿದ್ದು ಇದನ್ನು ಕಲಿತಿರುತ್ತಾನೆ; ರೈತನಾದರೋ ಕೊಂಡುತಂದ ದಿನವೇ ಕೆಲಸಕ್ಕೆ ಇಳಿಯುತ್ತಾನೆ. ತೊಂದರೆಯಿರುವುದು ಇಲ್ಲಿ.

ಮೊದಲು ವೇಗದ ವಿಚಾರ. ಸಾಮಾನ್ಯವಾಗಿ ಮನೆಗಳಲ್ಲಿರುವುದು 4 ಅಂಗುಲದ, ಅಂದರೆ 100 ಮಿ.ಮೀ. ಚಕ್ರದ ಯಂತ್ರ. ಇದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಚಕ್ರದ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುತ್ತದೆ. ಮೈಸೂರು–ಊಟಿ ರಸ್ತೆಯ ಯಾವ ಬಸ್ಸೂ ಅದರ ಅರ್ಧ ವೇಗದಲ್ಲಿ ಓಡುವುದಿಲ್ಲ. ಚಕ್ರ ಒಡೆದರೆ ಅದರ ಚೂರು ಆ ವೇಗದಲ್ಲೇ ಹಾರಿಬರುತ್ತದೆ. ಮುಖ ತಿರುಗಿಸಿಕೊಳ್ಳುತ್ತೇನೆಂದರೆ ಅಷ್ಟು ಹೊತ್ತು ಸಿಗುವುದಿಲ್ಲ. ಯಂತ್ರಕ್ಕೆ ತಗಡಿನ ಗಾರ್ಡು ಇಟ್ಟಿರುವುದು ಇದಕ್ಕಾಗಿ.

ಹಳ್ಳಿಯ ಮನೆಗಳಲ್ಲಿ ಮೊದಲು ಬಿಚ್ಚಿ ಮೂಲೆಗೆಸೆಯುವುದೂ ಆ ಗಾರ್ಡನ್ನೇ. ಅದಿದ್ದರೆ ದೊಡ್ಡ ಚಕ್ರ ಕೂರುವುದಿಲ್ಲವೆಂಬ ಒಂದೇ ಕಾರಣಕ್ಕೆ ಬಿಚ್ಚುವವರು ಬಹಳ. 4 ಅಂಗುಲದ ಚಕ್ರ ಸವೆದು ಸಣ್ಣದಾಯಿತು, ಕೊಳವೆಯ ಆಳ ಮುಟ್ಟುತ್ತಿಲ್ಲ. ಆಗ 7 ಅಂಗುಲದ್ದನ್ನು ತಂದು, ತೂತು ದೊಡ್ಡದಾದರೆ ಒಂದು ವಾಷರು ಸೇರಿಸಿ ಬಿಗಿದುಬಿಡುತ್ತಾರೆ. ಪ್ರತಿ ಚಕ್ರದ ಮೇಲೂ ಅದು ತಾಳಬಲ್ಲ ಗರಿಷ್ಠ ಸುತ್ತು ಅಚ್ಚಾಗಿರುತ್ತದೆ. 4 ಅಂಗುಲದ ಚಕ್ರ 15,000 ಸುತ್ತಿನವರೆಗೆ ತಾಳುತ್ತದೆ. 7 ಅಂಗುಲದ್ದು ತಾಳುವುದು ಸುಮಾರು 8,500 ಮಾತ್ರ. ಅದನ್ನು 11,000 ಸುತ್ತಿನ ಯಂತ್ರಕ್ಕೆ ಹಾಕಿ, ಗಾರ್ಡನ್ನೂ ತೆಗೆದು ಕೆಲಸ ಮಾಡಿದರೆ ಒಡೆಯುವ ಚಕ್ರಕ್ಕೂ ಮುಖಕ್ಕೂ ನಡುವೆ ಏನೂ ಉಳಿಯುವುದಿಲ್ಲ. ಕೆಲಸ ದೊಡ್ಡದಿದ್ದರೆ ದೊಡ್ಡ ಯಂತ್ರವನ್ನೇ ಬಾಡಿಗೆಗೆ ತರಬೇಕು.

ಚಕ್ರವೆಂದರೆ ಗಟ್ಟಿ ಕಲ್ಲೇನಲ್ಲ. ಗಾಜಿನ ನೂಲಿನ ಬಲೆಯ ಮೇಲೆ ಹರಳುಪುಡಿಯನ್ನು ರಾಳದಂಥ ಅಂಟಿನಿಂದ ಕೂರಿಸಿದ ಬಿಲ್ಲೆ ಅದು. ತೇವ ತಗುಲಿದರೆ ಅಂಟಿನ ಬಲ ಕುಂದುತ್ತದೆ. ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಮುದ್ರಿಸಿರುತ್ತಾರೆ. ಅದು ಬಳಕೆಯ ಕೊನೆಯ ಗಡುವು, ಸಾಮಾನ್ಯವಾಗಿ ತಯಾರಾದ 3 ವರ್ಷಕ್ಕೆ. ಬಿತ್ತನೆ ಬೀಜದ ಚೀಲದ ಮೇಲಿನ ತಾರೀಖನ್ನು ಓದುವವರು ಇದನ್ನೂ ಓದಬೇಕು. ಪಂಪುಮನೆಯ ಹಸಿ ಗೋಡೆಗೆ ಒರಗಿಸಿಟ್ಟ ಚಕ್ರವನ್ನು ನಂಬಕೂಡದು. ಹೊಸ ಚಕ್ರವನ್ನು ಪ್ಲಗ್ಗು ಕಿತ್ತ ಮೇಲೆಯೇ ಹಾಕಿ, ಜನರಿಲ್ಲದ ದಿಕ್ಕಿಗೆ ಹಿಡಿದು ಒಂದು ನಿಮಿಷ ಬರಿದೆ ಓಡಿಸಿ ನೋಡಿದ ನಂತರ ಕೆಲಸಕ್ಕೆ ಹಚ್ಚುವುದು ಕ್ರಮ. ಕೊಯ್ಯುವ ತೆಳು ಚಕ್ರದ ಮಗ್ಗುಲಿನಿಂದ ತಿಕ್ಕಿದರೆ ಅದು ಸೀಳುತ್ತದೆ. ತಿಕ್ಕಲು ದಪ್ಪ ಚಕ್ರವೇ ಬೇರೆ ಇದೆ. ಸೌದೆ ಕೊಯ್ಯಲೆಂದು ಹಲ್ಲಿನ ಬ್ಲೇಡನ್ನು ಇದಕ್ಕೆ ಹಾಕುವ ಚಾಳಿಯಂತೂ ಎಲ್ಲಕ್ಕಿಂತ ಕೆಟ್ಟದ್ದು. ಹಲ್ಲು ಮರದ ಗಂಟಿಗೆ ಸಿಕ್ಕಿತೆಂದರೆ ಯಂತ್ರ ಕೈಯಲ್ಲಿ ನಿಲ್ಲುವುದಿಲ್ಲ. ಗರಗಸವಿರುವಾಗ ಈ ಸಾಹಸ ಯಾರಿಗೂ ಬೇಡ.

ಯಂತ್ರ ಒದೆಯುವುದೇಕೆ ಎಂಬುದನ್ನು ತುಸು ಬಿಡಿಸಿ ನೋಡಬೇಕು. ಬೇಲಿಯ ಕೊಳವೆಯನ್ನು ಎರಡು ಕಲ್ಲುಗಳ ಮೇಲಿಟ್ಟು ನಡುವೆ ಕೊಯ್ಯುತ್ತಾರೆ ಎನ್ನೋಣ. ಅರ್ಧ ಕೊಯ್ದಾಗ ಕೊಳವೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕೊಯ್ದ ಬಾಯಿ ಮೇಲ್ಗಡೆ ಮುಚ್ಚಿಕೊಂಡು ಚಕ್ರವನ್ನು ಕಚ್ಚುತ್ತದೆ. ತಿರುಗುತ್ತಿದ್ದ ಬಲವೆಲ್ಲ ಆಗ ಯಂತ್ರವನ್ನು ಹಿಂದಕ್ಕೆ ಎಸೆಯುತ್ತದೆ. ಅದು ಬರುವುದು ಹೆಚ್ಚಾಗಿ ತೊಡೆಗೆ, ಎದೆಗೆ ಅಥವಾ ಮುಖಕ್ಕೆ. ಇದಕ್ಕೆ ಉಪಾಯ ಸುಲಭ. ಕೊಳವೆಯನ್ನು ಒಂದೇ ಪಕ್ಕದಲ್ಲಿ ವೈಸಿನಲ್ಲೋ ಸಿ-ಕ್ಲಾಂಪಿನಲ್ಲೋ ಬಿಗಿದು, ಕೊಯ್ಯುವ ಜಾಗವನ್ನು ಆಧಾರದಿಂದ ತುಸು ಹೊರಕ್ಕೆ ಚಾಚಬೇಕು. ಕೊಯ್ದಂತೆ ತುಂಡು ಕೆಳಕ್ಕೆ ಬಾಗಿ ಬಾಯಿ ತೆರೆದುಕೊಳ್ಳುತ್ತದೆ, ಚಕ್ರಕ್ಕೆ ದಾರಿ ಸಿಗುತ್ತದೆ. ಕೊಳವೆಯ ತುದಿ ಹಿಡಿದುಕೊಳ್ಳಲು ಮಗನನ್ನೋ ಹೆಂಡತಿಯನ್ನೋ ಕೂರಿಸುವುದು ಎಷ್ಟೋ ಕಡೆ ನಡೆಯುತ್ತದೆ. ಹಾಗೆ ಕೂತವರು ಚಕ್ರದ ಎದುರಿಗೇ ಇರುತ್ತಾರೆ. ಚಕ್ರ ತಿರುಗುವ ಗೆರೆಯಲ್ಲಿ ಯಾರೂ ಇರಕೂಡದು, ಹಿಡಿದವನ ಮುಖವೂ ಸಹ. ಪಕ್ಕದ ಹಿಡಿಯನ್ನು ತಪ್ಪದೆ ಹಾಕಿ ಎರಡು ಕೈಯಲ್ಲೂ ಹಿಡಿಯಬೇಕು. ಒತ್ತಿ ಕೊಯ್ಯುವುದು ಬೇಡ. ಯಂತ್ರದ ಭಾರವೇ ಸಾಕು.

ಹಳ್ಳಿಯ ವಿದ್ಯುತ್ತಿನದು ಬೇರೆ ಕಥೆ. ಕೆಲಸದ ನಡುವೆ ಕರೆಂಟು ಹೋಗುತ್ತದೆ. ಸ್ವಿಚ್ಚನ್ನು ಹಾಗೇ ಬಿಟ್ಟು ಯಂತ್ರ ಕೆಳಗಿಟ್ಟು ಕಾಫಿಗೆ ಹೋಗುತ್ತಾರೆ. ಕರೆಂಟು ಬಂದೊಡನೆ ಅದು ತಾನೇ ತಿರುಗಿ ನೆಲದ ಮೇಲೆ ಹರಿದಾಡುತ್ತದೆ. ಹತ್ತಿರ ಮಗುವಿದ್ದರೆ ಏನಾದೀತೆಂಬುದನ್ನು ಹೇಳಬೇಕಿಲ್ಲ. ಕರೆಂಟು ಹೋದ ಕೂಡಲೆ ಸ್ವಿಚ್ ಆರಿಸಿ ಪ್ಲಗ್ಗು ಕೀಳಬೇಕು. ತೇಪೆ ಹಾಕಿದ ವೈರು, ಹಸಿ ನೆಲ, ಬರಿಗಾಲು ಇವು ಮೂರೂ ಕೂಡಿದರೆ ಸಾವಿಗೆ ದಾರಿ. ಸೋರುವ ವಿದ್ಯುತ್ತನ್ನು ಕಂಡುಹಿಡಿದು ತಾನೇ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚನ್ನು ಮನೆಯ ಮೀಟರ್ ಬೋರ್ಡಿನಲ್ಲಿ ಹಾಕಿಸಿದರೆ ಗ್ರೈಂಡರಿಗೆ ಮಾತ್ರವಲ್ಲ, ಮನೆಮಂದಿಗೆಲ್ಲ ಕಾವಲು.

ಉಡುಪಿನ ಬಗ್ಗೆ ಎರಡು ಮಾತು ಸಾಕು. ಪಂಚೆಯ ತುದಿ, ಹೆಗಲ ಟವೆಲು, ಸೀರೆಯ ಸೆರಗು, ಸಡಿಲವಾದ ನೂಲಿನ ಕೈಗವಸು ಇವೆಲ್ಲ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಪ್ಯಾಂಟು, ಮುಚ್ಚಿದ ಬೂಟು, ಕೈಗೆ ಸರಿಯಾಗಿ ಕೂರುವ ಚರ್ಮದ ಗವಸು ಇರಲಿ.

ಇನ್ನು ಬೆಂಕಿ. ಬೇಲಿಯ ಕೆಲಸ ನಡೆಯುವುದು ಜಮೀನು ಖಾಲಿಯಿರುವ ಬೇಸಿಗೆಯಲ್ಲಿ. ಹಿತ್ತಲಲ್ಲಿ ಹುಲ್ಲಿನ ಮೆದೆ, ಜೋಳದ ಸಪ್ಪೆ ಇರುವುದೂ ಆಗಲೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಿತು. ಆ ಬೆಂಕಿಗೂ ಗ್ರೈಂಡರಿಗೂ ಸಂಬಂಧವಿಲ್ಲ, ಆದರೆ ಆ ತಿಂಗಳಲ್ಲಿ ಈ ಸೀಮೆಯ ಹುಲ್ಲು ಹೇಗೆ ಒಣಗಿರುತ್ತದೆಂಬುದಕ್ಕೆ ಅದು ಸಾಕ್ಷಿ. ಕೊಯ್ಯುವ ಜಾಗದ ಸುತ್ತ 35 ಅಡಿಯಷ್ಟು ದೂರ ಒಣಕಸ ಇರಕೂಡದು. ಒಂದು ಕೊಡ ನೀರು ಹತ್ತಿರವಿರಲಿ. ಹುಲ್ಲಿನೊಳಗೆ ಹೊಕ್ಕ ಕಿಡಿ ಕೂಡಲೆ ಉರಿಯದೆ ಒಳಗೊಳಗೇ ಕನಲುವುದರಿಂದ ಕೆಲಸ ಮುಗಿದ ಅರ್ಧ ಗಂಟೆಯ ಮೇಲೂ ಒಮ್ಮೆ ಬಂದು ನೋಡಬೇಕು. ಸೋಲಾರ್ ಬೇಲಿಯ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಹೊರಡುತ್ತದೆ. ಅದರ ಬಳಿ ಕಿಡಿ ಹಾರಿಸಿದರೆ ಬ್ಯಾಟರಿ ಸಿಡಿಯಬಹುದು.

ಅರಿಶಿನ ಬೆಳೆಗಾರರು ಡ್ರಮ್ಮಿನ ವಿಚಾರವನ್ನು ವಿಶೇಷವಾಗಿ ಗಮನಿಸಬೇಕು. ಡೀಸೆಲ್, ಥಿನ್ನರ್, ಕೀಟನಾಶಕ ತುಂಬಿದ್ದ ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಅಪಾಯಕರ. ತಳದಲ್ಲಿ ಉಳಿದ ಒಂದು ಲೋಟ ದ್ರವವೂ ಆವಿಯಾಗಿ ಗಾಳಿಯೊಡನೆ ಬೆರೆತಿರುತ್ತದೆ. ಒಂದು ಕಿಡಿ ಒಳಹೊಕ್ಕರೆ ಡ್ರಮ್ಮು ಬಾಂಬಿನಂತೆ ಸಿಡಿಯುತ್ತದೆ. ಎಣ್ಣೆರೂಪದ ಹಲವು ಕೀಟನಾಶಕಗಳಲ್ಲಿ ಬೆಂಕಿ ಹಿಡಿಯುವ ದ್ರಾವಕವಿರುವುದು ಅನೇಕರಿಗೆ ತಿಳಿದಿಲ್ಲ. ನೀರು ಕುಲುಕಿ ಚೆಲ್ಲಿದರೆ ಇದು ಹೋಗದು. ಅಂಥ ಡ್ರಮ್ಮನ್ನು ಕೊಯ್ಯಲೂ ಕೂಡದು, ಅದರಲ್ಲಿ ಅರಿಶಿನ ಬೇಯಿಸಲೂ ಕೂಡದು. ಹಬೆಯ ಯಂತ್ರ ಬಾಡಿಗೆಗೆ ಸಿಗುವ ಕಡೆ ಡ್ರಮ್ಮಿನ ಗೋಜೇ ಬೇಡ.

ಬೇಲಿಯ ಕಲ್ಲುಕಂಬವನ್ನು ಒಣಗಿದ್ದಂತೆಯೇ ಕೊಯ್ದರೆ ಏಳುವ ಬಿಳಿ ಧೂಳು ಶ್ವಾಸಕೋಶದಲ್ಲಿ ನಿಂತು ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ಹಾಗೆಂದು ಮನೆಯ ಗ್ರೈಂಡರಿನ ಮೇಲೆ ನೀರು ಸುರಿದರೆ ಶಾಕ್ ಹೊಡೆಯುತ್ತದೆ. ಕಂಬದ ಕೆಲಸವನ್ನು ಉಳಿಯಿಂದಲೇ ಮಾಡಿಸುವುದು ಮೇಲು. ಪಿ.ವಿ.ಸಿ. ಕೊಳವೆಗೆ ಆಕ್ಸಾ ಬ್ಲೇಡೇ ಸರಿ. ಕುಡುಗೋಲು, ಮಚ್ಚುಗಳಿಗೂ ಗ್ರೈಂಡರ್ ಒಗ್ಗದು. ಕಾವೇರಿ ಬಾಯಿ ನೀಲಿ ತಿರುಗಿತೆಂದರೆ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ನೋಯುವುದು ಕಣ್ಣು. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸಿನ ಪಕ್ಕ ತೆರೆದಿರುವುದರಿಂದ ಅದು ಸಾಲದು. ಸುತ್ತಲೂ ಮುಚ್ಚಿದ ರಕ್ಷಾ ಕನ್ನಡಕ ನಾಲ್ಕೈದು ಚಕ್ರಗಳ ಬೆಲೆಗೆ ಸಿಗುತ್ತದೆ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ತರಬೇತಿಗೆ ಬಂದ ರೈತರಿಗೆ ವಿಸ್ತರಣಾ ಕಾರ್ಯಕರ್ತರು ಇಂಥ ಕನ್ನಡಕವನ್ನೂ, ಗಡುವು ಮೀರಿದ ಒಂದು ಚಕ್ರವನ್ನೂ ಕೈಗೆ ಕೊಟ್ಟು ತೋರಿಸಿದರೆ ಭಾಷಣಕ್ಕಿಂತ ಹೆಚ್ಚು ನಾಟೀತು.

ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕರೆ ಉಜ್ಜಬಾರದು. ನಾಲಗೆಯಿಂದ, ಸೆರಗಿನ ತುದಿಯಿಂದ ತೆಗೆಯುವುದು, ಹಾಲು ಹಿಂಡುವುದು ಬೇಡವೇ ಬೇಡ. ಒಂದೇ ದಿನದಲ್ಲಿ ಚೂರಿನ ಸುತ್ತ ತುಕ್ಕು ಹಿಡಿದು ಕಣ್ಣಿನ ಪೊರೆಗೆ ಕಲೆ ಕೂರುತ್ತದೆ. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕೈ ಕೊಯ್ದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲೆ ಬಲವಾಗಿ ಒತ್ತಿಹಿಡಿದು, ಕೈ ಮೇಲೆತ್ತಿ, 108ಕ್ಕೆ ಕರೆ ಮಾಡಬೇಕು; ಅರಿಶಿನ, ಕಾಫಿಪುಡಿ ಮೆತ್ತಬಾರದು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ರೋಗಿಯ ಜೊತೆಯಲ್ಲೇ ಕಳುಹಿಸಬೇಕು. ಐಸು ಬೆರಳಿಗೆ ನೇರವಾಗಿ ತಾಗಕೂಡದು. ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಮೈಸೂರು ಸುಮಾರು 60 ಕಿಲೋಮೀಟರ್. ಬೇಗ ಹೊರಟರೆ ಬೆರಳನ್ನು ಮತ್ತೆ ಕೂಡಿಸುವ ಅವಕಾಶವಿರುತ್ತದೆ.